ಓದುಗರ ಪ್ರಶ್ನೆ: ಬಂಡೂರು ಕುರಿಯನ್ನು ಹಿಂದಿನಿಂದ ನೋಡಿ

ಪ್ರಶ್ನೆ: ಇಪ್ಪತ್ತು ಬಂಡೂರು ಕುರಿ, ಒಂದು ಟಗರು ತರಬೇಕೆಂದಿದ್ದೇನೆ. ಸಂತೆಯಲ್ಲಿ ಕಂದು ಮುಖದ ಬಿಳಿ ಕುರಿಯನ್ನೆಲ್ಲ ಬಂಡೂರು ಅಂತಲೇ ಮಾರುತ್ತಾರೆ. ಅಸಲಿಯನ್ನು ಗುರುತಿಸುವುದು ಹೇಗೆ?
– ಒಬ್ಬ ಓದುಗ, ಮದ್ದೂರು

ಉತ್ತರ: ಬಣ್ಣ ನಂಬಬೇಡಿ, ಬಣ್ಣ ಮಿಶ್ರತಳಿಗೂ ಬರುತ್ತದೆ. ಮಳವಳ್ಳಿ ತಾಲ್ಲೂಕಿನ ಬಂಡೂರು ಈ ತಳಿಯ ತವರು. ಬನ್ನೂರು ಕುರಿ, ಮಂಡ್ಯ ಕುರಿ ಎನ್ನುವುದೂ ಇದನ್ನೇ. ಕುರಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಹಿಂದೆ ಕುಕ್ಕರಗಾಲಲ್ಲಿ ಕೂತು ನೋಡಿ. ತೊಡೆ ಒಳಮಗ್ಗುಲಲ್ಲೂ ತುಂಬಿರಬೇಕು. ಹಿಂಭಾಗ ಬಾಯಿ ಕೆಳಗಾಗಿ ಹಿಡಿದ ಲಾಳದ ಹಾಗೆ ಕಾಣಬೇಕು. ತಲೆಕೆಳಗಾದ ‘ವಿ’ಯಂತೆ ಮೇಲೆ ಚೂಪಾಗಿ ಕಂಡರೆ ಮುಂದಿನ ಕುರಿ ನೋಡಿ. ಮೈ ಗಿಡ್ಡ, ಕಾಲು ಮೋಟು, ಬೆನ್ನು ಅಗಲ. ಕಿವಿ ಎಲೆಯಂತೆ ಜೋತಿರುತ್ತದೆ, ಬಾಲ ಸಣ್ಣ, ಗಂಡಿಗೂ ಹೆಣ್ಣಿಗೂ ಕೊಂಬಿಲ್ಲ. ಮುಖದ ತಿಳಿಕಂದು ಕೆಲವಕ್ಕೆ ಕುತ್ತಿಗೆವರೆಗೂ ಇಳಿಯುತ್ತದೆ. ಬೆಳೆದ ಟಗರು ಸುಮಾರು 35 ಕೆ.ಜಿ., ಹೆಣ್ಣು 24 ಕೆ.ಜಿ. ಆಸುಪಾಸು. ಅದಕ್ಕಿಂತ ತೀರಾ ದೊಡ್ಡದಿದ್ದರೆ ಅನುಮಾನಿಸಿ. ಕೊರಳಡಿಯ ಜೋಡಿ ಮೊಲೆ ಬಹಳಷ್ಟು ಕುರಿಗಳಿಗಿರುತ್ತದೆ. ನೋಡಲು ಚಂದ, ಅಷ್ಟೇ. ಅದಕ್ಕೆಂದು ಹೆಚ್ಚು ದುಡ್ಡು ಕೊಡಬೇಡಿ.

ಟಗರಿನ ವಿಷಯದಲ್ಲಿ ಕಣ್ಣು ಸಾಲದು, ಕೈಯಿಡಬೇಕು. ಎರಡೂ ಬೀಜ ಚೀಲಕ್ಕೆ ಇಳಿದಿವೆಯೇ, ಒಂದೇ ಗಾತ್ರವೇ, ಗಂಟಿಲ್ಲದೆ ಗಟ್ಟಿಯಾಗಿವೆಯೇ ಎಂದು ಹಿಡಿದು ನೋಡಿ. ರಕ್ತಸಂಬಂಧದಲ್ಲೇ ಕೂಡಿಸುತ್ತ ಬಂದದ್ದರಿಂದ ಬೀಜ ಹೊಟ್ಟೆಯಲ್ಲೇ ಉಳಿಯುವ ದೋಷ ಈ ತಳಿಯಲ್ಲಿ ಹೆಚ್ಚು. ಒಂದೇ ಬೀಜ ಇಳಿದ ಟಗರೂ ಕುರಿಗಳನ್ನು ಗಬ್ಬ ಮಾಡೀತು. ಆದರೆ ದೋಷ ಮರಿಗಳಿಗೆ ದಾಟುತ್ತದೆ. ಅಂಥದ್ದನ್ನು ಮಾಂಸಕ್ಕೆ ಬಿಡಿ, ಹಿಂಡಿಗೆ ಬೇಡ. ಹಾಲುಹಲ್ಲು ಬಿದ್ದು ಎರಡರಿಂದ ನಾಲ್ಕು ದೊಡ್ಡ ಹಲ್ಲು ಬಂದ ಟಗರನ್ನು ಆರಿಸಿ. ಹೆಣ್ಣುಕುರಿ ತಂದ ಹಿಂಡಿನಿಂದ ಬೇಡ, ಬೇರೆ ಊರಿನ ಹಿಂಡಿನಿಂದ ತನ್ನಿ. ಇಪ್ಪತ್ತು ಕುರಿಗೆ ಒಂದೇ ಸಾಕು. ಅದರ ಹೆಣ್ಣುಮರಿಗಳು ಬೆದೆಗೆ ಬರುವ ಮೊದಲೇ ಟಗರನ್ನು ಬದಲಿಸಿ.

ಪ್ರಶ್ನೆ: ಮಳೆ ಬಿದ್ದು ಹುಲ್ಲು ಚಿಗುರಿದ ಮೇಲೆ, ದಷ್ಟಪುಷ್ಟವಾಗಿದ್ದ ಮೂರು ಮರಿಗಳು ಬೆಳಗಾಗುವಷ್ಟರಲ್ಲಿ ಸತ್ತಿದ್ದವು. ವಿಷ ತಿಂದವೇ?
– ಓದುಗ ರೈತ, ತಿ. ನರಸೀಪುರ

ಉತ್ತರ: ಲಕ್ಷಣ ನೋಡಿದರೆ ಕರುಳುಬೇನೆ. ಇದರ ರೋಗಾಣು ಕರುಳಲ್ಲಿ ಮೊದಲೇ ಇರುತ್ತದೆ. ಎಳೆಹುಲ್ಲನ್ನೋ ಕಾಳನ್ನೋ ದಿಢೀರನೆ ಹೊಟ್ಟೆತುಂಬ ತಿಂದಾಗ ವಿಪರೀತ ಹೆಚ್ಚಿ ನಂಜು ಬಿಡುತ್ತದೆ. ಹೆಚ್ಚು ತಿನ್ನುವುದು ಚುರುಕಾದ ಮರಿ, ಹಾಗಾಗಿ ಹಿಂಡಿನಲ್ಲಿ ಚೆನ್ನಾಗಿರುವುದೇ ಮೊದಲು ಸಾಯುತ್ತದೆ. ಮದ್ದು ಕೊಡಲು ಹೊತ್ತೇ ಸಿಗುವುದಿಲ್ಲ, ಲಸಿಕೆಯೊಂದೇ ದಾರಿ. ಮುಂಗಾರಿಗೆ ಮುಂಚೆ ಹಾಕಿಸಿ. ಮೊದಲ ಸಲ ಹಾಕಿಸುವ ಮರಿಗಳಿಗೆ ಎರಡು ಮೂರು ವಾರ ಬಿಟ್ಟು ಇನ್ನೊಂದು ಬೇಕೇ ಬೇಕು. ಅದನ್ನು ಮರೆಯುವ ಮನೆಗಳಲ್ಲೇ ‘ಲಸಿಕೆ ಹಾಕಿಸಿದರೂ ಸತ್ತಿತು’ ಎಂಬ ಮಾತು ಕೇಳುವುದು. ಬೆಳಗ್ಗೆ ಒಂದೊಂದು ಹಿಡಿ ಹುರುಳಿ ಹೊಟ್ಟೋ ರಾಗಿ ಹುಲ್ಲೋ ತಿನ್ನಿಸಿ, ಇಬ್ಬನಿ ಆರಿದ ಮೇಲೆ ಬಿಡಿ. ಮೊದಲ ವಾರ ಎಳೆಹುಲ್ಲಿನಲ್ಲಿ ಗಂಟೆಗಿಂತ ಹೆಚ್ಚು ಬೇಡ. ಇನ್ನೊಂದು ಸತ್ತರೆ ಹೂಳಬೇಡಿ, ಕೂಡಲೇ ಪಶುವೈದ್ಯರಿಂದ ಕೊಯ್ಸಿ ನೋಡಿಸಿ.

ಪ್ರಶ್ನೆ: ಹಸುವಿಗೆ ತಂದ ಖನಿಜ ಮಿಶ್ರಣವನ್ನೇ ಕುರಿಗೂ ಕೊಡಬಹುದೇ?
– ಓದುಗರೊಬ್ಬರು, ಮಳವಳ್ಳಿ

ಉತ್ತರ: ಬೇಡ. ಹಸುವಿಗೆ ಹಿತವಾದ ತಾಮ್ರದ ಪ್ರಮಾಣ ಕುರಿಗೆ ನಂಜು. ಅದು ಈಲಿಯಲ್ಲಿ ತಿಂಗಳುಗಟ್ಟಲೆ ಕೂಡಿಕೊಂಡು ಒಂದು ದಿನ ರಕ್ತಕ್ಕೆ ಸುರಿಯುತ್ತದೆ. ಕಣ್ಣು ಹಳದಿ, ಗಂಜಲ ಕಡುಗೆಂಪು, ಒಂದೆರಡು ದಿನದಲ್ಲಿ ಸಾವು. ಚೀಲದ ಮೇಲೆ ‘ಕುರಿಗೆ’ ಎಂದು ಬರೆದಿರುವುದನ್ನೇ ಕೊಳ್ಳಿ.