ಸನ್ನದು ಸಿಕ್ಕ ಮೇಲೂ ಓದಬೇಕಾ? ವಕೀಲರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪ್ರಶ್ನೆಗಳು ಹೆಚ್ಚುಕಡಿಮೆ ಎಲ್ಲವೂ ವಕೀಲರವೇ. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಿಂದ ಬಂದಿವೆ. ಕೇಳಿದ ರೀತಿ ಬೇರೆ ಬೇರೆ ಇದ್ದರೂ ಒಳಗಿರುವ ಚಿಂತೆ ಒಂದೇ: ಕಾನೂನು ಓಡುತ್ತಿದೆ, ಅದರ ಹಿಂದೆ ನಾವು ಓಡೋದು ಹೇಗೆ? ಕೊನೆಯಲ್ಲಿ ಒಬ್ಬ ಕಕ್ಷಿದಾರರ ಪ್ರಶ್ನೆಯೂ ಇದೆ. ಅದನ್ನು ವಕೀಲರೂ ಓದಲಿ.

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಬಹಳ ವರ್ಷಗಳಿಂದ ಸಿವಿಲ್ ಪ್ರಾಕ್ಟೀಸ್ ಮಾಡುತ್ತಿದ್ದೇನೆ. ವಕೀಲರು ವರ್ಷಕ್ಕೆ ಇಷ್ಟು ಗಂಟೆ ತರಬೇತಿ ಪಡೆಯಲೇಬೇಕು, ಇಲ್ಲದಿದ್ದರೆ ಸನ್ನದು (ವಕೀಲಿಕೆಯ ಪರವಾನಗಿ) ರದ್ದಾಗುತ್ತದೆ ಅಂತ ವಾಟ್ಸಾಪ್‌ನಲ್ಲಿ ಮೆಸೇಜ್ ಓಡಾಡ್ತಿದೆ. ನಿಜವೇ?

ನಿಜವಲ್ಲ. ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಹಾಗೆ ಗಂಟೆ ಲೆಕ್ಕದ ನಿಯಮ ಇದೆ. ನಮ್ಮಲ್ಲಿ ಇಲ್ಲ. 1961ರ ವಕೀಲರ ಕಾಯ್ದೆಯ 6ನೇ ಕಲಂ ವಿಚಾರ ಸಂಕಿರಣ, ಉಪನ್ಯಾಸ ಏರ್ಪಡಿಸುವ ಕೆಲಸವನ್ನು ರಾಜ್ಯ ವಕೀಲರ ಪರಿಷತ್ತಿಗೆ ಕೊಟ್ಟಿದೆ. ಆದರೆ ಬಂದು ಕೂರಲೇಬೇಕು ಅಂತ ವಕೀಲರಿಗೆ ಎಲ್ಲೂ ಹೇಳಿಲ್ಲ. ಹೊಸಬರು ಅಖಿಲ ಭಾರತ ಬಾರ್ ಪರೀಕ್ಷೆ ಒಂದನ್ನು ಪಾಸು ಮಾಡಬೇಕು. ಅದಾದ ಮೇಲೆ ನಿವೃತ್ತಿಯ ತನಕ ಏನು ಓದಿದಿರಿ ಅಂತ ಕೇಳುವವರೇ ಇಲ್ಲ. ಡಾಕ್ಟರುಗಳಿಗೆ ನಮ್ಮ ರಾಜ್ಯದಲ್ಲಿ ನೋಂದಣಿ ನವೀಕರಣಕ್ಕೆ ಕ್ರೆಡಿಟ್ ಗಂಟೆ ತೋರಿಸಬೇಕು. ನಮಗೆ ಆ ತಲೆಬಿಸಿ ಇಲ್ಲ.

ಕಡ್ಡಾಯ ಮಾಡಬೇಕು ಅನ್ನುವವರ ಪೈಕಿ ನಾನಲ್ಲ. ಕಡ್ಡಾಯ ಆದ ಮರುದಿನವೇ ಸರ್ಟಿಫಿಕೇಟ್ ಮಾರುವ ಅಂಗಡಿ ತೆರೆಯುತ್ತವೆ. ಆದರೆ ನಿಮಗೊಂದು ಮಾತು. ಕ್ರಿಮಿನಲ್ ಕಡೆ ಎಲ್ಲ ಬದಲಾಯ್ತು, ಸಿವಿಲ್‌ನಲ್ಲಿ ಹಳೇದೇ ನಡೀತಿದೆ ಅಂತ ಬಾರ್‌ನಲ್ಲಿ ಆಗಾಗ ಮಾತು ಕೇಳುತ್ತೇನೆ. ಅದು ತಪ್ಪು.

ನಮ್ಮ ಅನ್ನದ ಕೇಸು ಅಂದರೆ ಪಾಲು ವಿಭಾಗದ ದಾವಾ. ಅದನ್ನೇ ನೋಡಿ. ಹೆಣ್ಣುಮಕ್ಕಳಿಗೂ ಸಮಪಾಲು ಕೊಡಲು ಹಿಂದೂ ಉತ್ತರಾಧಿಕಾರ ಕಾಯ್ದೆ 2005ರಲ್ಲಿ ತಿದ್ದುಪಡಿಯಾಯಿತು. ಆ ವರ್ಷದ ಸೆಪ್ಟೆಂಬರ್ 9ಕ್ಕೆ ತಂದೆ ಬದುಕಿರಬೇಕಿತ್ತೋ ಇಲ್ಲವೋ ಅನ್ನುವ ಜಗಳ 2020ರ ಆಗಸ್ಟ್‌ವರೆಗೂ ನಡೆಯಿತು. ಬದುಕಿರಬೇಕಾಗಿಲ್ಲ, ಮಗಳಿಗೆ ಹುಟ್ಟಿನಿಂದಲೇ ಹಕ್ಕು ಅಂತ ಸುಪ್ರೀಂ ಕೋರ್ಟ್‌ನ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿ ಮುಗಿಸಿತು. ಆದರೂ ತಂದೆ ಮೊದಲೇ ತೀರಿಹೋಗಿದ್ದಾರೆ, ಹೆಣ್ಣುಮಕ್ಕಳಿಗೆ ಸಮಪಾಲಿಲ್ಲ ಅನ್ನುವ ರಿಟನ್ ಸ್ಟೇಟ್‌ಮೆಂಟ್ (ಪ್ರತಿವಾದಿಯ ಲಿಖಿತ ಉತ್ತರ) ಇಂದಿಗೂ ಬರುತ್ತಿವೆ. ಈಗ ಕೇಳಬೇಕಾದ ಪ್ರಶ್ನೆ ಬೇರೆ. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪತ್ರದ ಮೂಲಕವೋ ಕೋರ್ಟ್ ಡಿಕ್ರಿ ಮೂಲಕವೋ ವಿಭಾಗ ಆಗಿತ್ತಾ? ಬಾಯಿಮಾತಿನ ವಿಭಾಗವನ್ನು ಸುಮ್ನೆ ಒಪ್ಪಬೇಡಿ ಅಂತ ಅದೇ ತೀರ್ಪು ಹೇಳಿದೆ. ಸರ್ಕಾರಿ ದಾಖಲೆಗಳ ಬೆಂಬಲ ಗಟ್ಟಿಯಾಗಿದ್ದರೆ, ಅದೂ ಅಪರೂಪಕ್ಕೆ, ಒಪ್ಪಬಹುದು. ಹಾಗಾಗಿ ಕಕ್ಷಿದಾರರು ಬಿಳಿ ಹಾಳೆಯಲ್ಲಿ ಬರೆದ ಪಾಲುಪಟ್ಟಿ ತಂದುಕೊಟ್ಟರೆ ಅದನ್ನೇ ನೆಚ್ಚಿ ಕೂರಬೇಡಿ. ಖಾತೆ ಯಾವಾಗ ಬದಲಾಯಿತು, ಪಹಣಿಯಲ್ಲಿ ಯಾರ ಹೆಸರು ಯಾವ ವರ್ಷದಿಂದ ಇದೆ ಅಂತ ಮೊದಲು ತೆಗೆಸಿ.

ಕೃಷಿ ಜಮೀನು ಯಾರು ಕೊಳ್ಳಬಹುದು ಅನ್ನುವುದಕ್ಕೆ ಮಿತಿ ಹಾಕಿದ್ದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು 2020ರಲ್ಲಿ ಹೋದವು. ಪಿಟಿಸಿಎಲ್ ಕಾಯ್ದೆಗೆ (ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ ಕಾಯ್ದೆ) 2023ರಲ್ಲಿ ತಿದ್ದುಪಡಿ ಬಂದು, ಜಮೀನು ವಾಪಸ್ ಕೇಳುವ ಅರ್ಜಿಗೆ ಕಾಲಮಿತಿ ಇಲ್ಲ ಅಂತಾಯಿತು. ಇಷ್ಟೆಲ್ಲ ಆದ ಮೇಲೂ ಸಿವಿಲ್ ಹಳೇದೇ ಅಂದ್ರೆ ಹೇಗೆ?

ಪ್ರಶ್ನೆ: ಹೊಸದುರ್ಗದಲ್ಲಿ ಕ್ರಿಮಿನಲ್ ಪ್ರಾಕ್ಟೀಸ್. ಹಳೆ ಕಲಂ, ಹೊಸ ಕಲಂ ಹೋಲಿಸಿದ ಚಾರ್ಟನ್ನು ಆಫೀಸಿನ ಗೋಡೆಗೆ ಅಂಟಿಸಿದ್ದೇನೆ. ವಾದ ಮಾಡುವಾಗ ಮಾತ್ರ ಬಾಯಿಗೆ ಹಳೇದೇ ಬರುತ್ತೆ. ಹೊಸ ಕಾನೂನಿಗೆ ಒಗ್ಗಿಕೊಳ್ಳೋದು ಹೇಗೆ?

ಐಪಿಸಿ ಹೋಗಿ ನ್ಯಾಯ ಸಂಹಿತೆ, ದಂಡ ಪ್ರಕ್ರಿಯಾ ಸಂಹಿತೆ ಹೋಗಿ ನಾಗರಿಕ ಸುರಕ್ಷಾ ಸಂಹಿತೆ, ಹಳೆ ಸಾಕ್ಷ್ಯ ಕಾಯ್ದೆ ಹೋಗಿ ಸಾಕ್ಷ್ಯ ಅಧಿನಿಯಮ ಬಂದಿವೆ. ನಂಬರ್ ಬಾಯಿಗೆ ಬರದಿದ್ದರೆ ಆಕಾಶ ಬೀಳಲ್ಲ. ಜಡ್ಜ್ ಸಾಹೇಬರಿಗೂ ಒಂದೊಂದು ಸಲ ಹಳೇದೇ ಬರುತ್ತೆ. ಚಾರ್ಟ್ ಇರಲಿ. ಆದರೆ ಚಾರ್ಟ್ ಹೇಳೋದು ನಂಬರನ್ನು ಮಾತ್ರ, ಕಾನೂನನ್ನಲ್ಲ.

ನಂಬರಿನಲ್ಲೂ ಅಪಾಯ ಇರುವ ಜಾಗ ಒಂದಿದೆ. ಹಳೆ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 482 ಅಂದರೆ ಹೈಕೋರ್ಟ್‌ನ ಅಂತರ್ಗತ ಅಧಿಕಾರ, ಅಂದರೆ ಕೇಸ್ ರದ್ದು ಮಾಡಿ ಅಂತ ಹಾಕುವ ಅರ್ಜಿ. ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 482 ಅಂದರೆ ನಿರೀಕ್ಷಣಾ ಜಾಮೀನು. ರದ್ದತಿ ಅರ್ಜಿ 528ಕ್ಕೆ ಹೋಗಿದೆ. ಕೊಲೆಯ 302 ಈಗ ನ್ಯಾಯ ಸಂಹಿತೆಯ 103. ಹೊಸ 302 ಧಾರ್ಮಿಕ ಭಾವನೆಗೆ ನೋವಾಗುವಂತೆ ಬೇಕೆಂದೇ ಮಾತಾಡುವುದರ ಬಗ್ಗೆ. ಹಾಗಾಗಿ ಅರ್ಜಿಯಲ್ಲಿ ಬರೀ ನಂಬರ್ ಬರೆದು ಬಿಡಬೇಡಿ, ಕಾಯ್ದೆಯ ಹೆಸರನ್ನೂ ಬರೆಯಿರಿ.

ನಿಮ್ಮ ಕಡೆ ಹೊಲದ ಬದುವಿನ ಗಲಾಟೆಗೆ ಸಾಮಾನ್ಯವಾಗಿ ಬೀಳುತ್ತಿದ್ದ ಎಫ್‌ಐಆರ್ ನೆನಪಿಸಿಕೊಳ್ಳಿ: 323 (ಹೊಡೆತ), 324 (ಆಯುಧದಿಂದ ಗಾಯ), 504 (ಕೆರಳಿಸುವ ಬೈಗುಳ), 506 (ಬೆದರಿಕೆ), ಜೊತೆಗೆ 34 (ಸಮಾನ ಉದ್ದೇಶ). ಅದೀಗ 115(2), 118(1), 352, 351(2), ಜೊತೆಗೆ 3(5). ಈ ಐದನ್ನು ಕಲಿತರೆ ತಾಲ್ಲೂಕು ಕೋರ್ಟಿನ ಒಳ್ಳೆ ಪಾಲು ಕೆಲಸ ಆದ ಹಾಗೆ. ಉಳಿದದ್ದು ಫೈಲ್ ಬಂದಾಗ ತಾನೇ ಬರುತ್ತೆ.

ನಂಬರಿಗಿಂತ ಮುಖ್ಯವಾದದ್ದು ತಾರೀಕು. ಫೈಲ್ ತೆಗೆದ ಕೂಡಲೇ ಮೊದಲು ಎರಡು ದಿನಾಂಕ ಬರೆದುಕೊಳ್ಳಿ. ಕೃತ್ಯ ನಡೆದದ್ದು ಯಾವತ್ತು? ಎಫ್‌ಐಆರ್ ಆದದ್ದು ಯಾವತ್ತು? ಹೊಸ ಕಾನೂನುಗಳು ಜಾರಿಗೆ ಬಂದದ್ದು 2024ರ ಜುಲೈ 1ಕ್ಕೆ. ಜೂನ್‌ನಲ್ಲಿ ನಡೆದ ಹೊಡೆದಾಟಕ್ಕೆ ಆಗಸ್ಟ್‌ನಲ್ಲಿ ದೂರು ಕೊಟ್ಟಿದ್ದರೆ ಅಪರಾಧಕ್ಕೆ ಹಳೆ ಐಪಿಸಿ, ತನಿಖೆಯ ವಿಧಾನಕ್ಕೆ ಹೊಸ ಸಂಹಿತೆ. ಜುಲೈ 1ಕ್ಕೆ ಮೊದಲೇ ತನಿಖೆಯೋ ವಿಚಾರಣೆಯೋ ನಡೆಯುತ್ತಿದ್ದರೆ ಅದು ಹಳೆ ವಿಧಾನದಲ್ಲೇ ಮುಂದುವರಿಯುತ್ತೆ. ಸುರಕ್ಷಾ ಸಂಹಿತೆಯ 531ನೇ ಕಲಂ ಇರುವುದೇ ಅದಕ್ಕೆ. ಅಂದರೆ ಹಳೇದನ್ನು ಮರೆಯುವ ಹಾಗಿಲ್ಲ, ಹೊಸದನ್ನು ಬಿಡುವ ಹಾಗೂ ಇಲ್ಲ. ಇನ್ನೂ ಎಷ್ಟೋ ವರ್ಷ ಎರಡೂ ಪುಸ್ತಕ ಮೇಜಿನ ಮೇಲಿರಬೇಕು.

ಆಮೇಲೆ ನಿಜವಾಗಿ ಹೊಸದಾದದ್ದಕ್ಕೆ ಬನ್ನಿ. ನನ್ನ ಕೇಳಿದರೆ ಮೊದಲು ಕೂತು ಓದಬೇಕಾದದ್ದು ಎಲೆಕ್ಟ್ರಾನಿಕ್ ದಾಖಲೆಗಳ ಬಗೆಗಿನ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಮತ್ತು ಕೊನೆಯಲ್ಲಿರುವ ಅನುಸೂಚಿಯ ಪ್ರಮಾಣಪತ್ರದ ನಮೂನೆ. ಒಂದು ಉದಾಹರಣೆ ಇಟ್ಟುಕೊಳ್ಳಿ. ಮಂಡಿಪೇಟೆಯ ಅಂಗಡಿಯೊಂದರ ಸಿಸಿಟಿವಿ ದೃಶ್ಯವನ್ನು ಪೆನ್‌ಡ್ರೈವ್‌ಗೆ ಹಾಕಿ ಚಾರ್ಜ್‌ಶೀಟ್ ಜೊತೆ ಕೊಟ್ಟಿದ್ದಾರೆ. ಹಿಂದೆ ಹಳೆ ಸಾಕ್ಷ್ಯ ಕಾಯ್ದೆಯ 65ಬಿ ಸರ್ಟಿಫಿಕೇಟ್ ಇದೆಯಾ ಇಲ್ಲವಾ ಅಂತ ನೋಡಿದರೆ ಸಾಕಿತ್ತು. ಈಗ ನಮೂನೆಗೆ ಎರಡು ಭಾಗ. ಎ ಭಾಗ ಹಾಜರುಪಡಿಸುವವರದ್ದು, ಬಿ ಭಾಗ ತಜ್ಞರದ್ದು. ಎರಡರಲ್ಲೂ ಹ್ಯಾಶ್ ಮೌಲ್ಯ ಬರೆಯಬೇಕು. ಅದನ್ನು ಯಾವ ವಿಧಾನದಲ್ಲಿ ತೆಗೆದದ್ದು, ಎಸ್‌ಎಚ್‌ಎ1, ಎಸ್‌ಎಚ್‌ಎ256, ಎಂಡಿ5 ಅಥವಾ ಬೇರೆಯದೇ ಅಂತ ಟಿಕ್ ಹಾಕಬೇಕು. ಹ್ಯಾಶ್ ಅಂದರೆ ಆ ಫೈಲಿನ ಬೆರಳಚ್ಚು. ಒಂದು ಚಿತ್ರ ಅತ್ತಿತ್ತ ಆದರೂ ಬದಲಾಗುತ್ತೆ. ಕ್ರಾಸ್ (ಪಾಟೀಸವಾಲು) ಮಾಡುವವರು ನೋಡಬೇಕಾದ್ದು: ಎರಡು ಭಾಗದಲ್ಲೂ ಅದೇ ಮೌಲ್ಯ ಇದೆಯಾ? ಡಿವಿಆರ್‌ನಿಂದ ತೆಗೆದವರು ಯಾರು, ಸಹಿ ಹಾಕಿದವರು ಯಾರು? ಬಿ ಭಾಗ ಖಾಲಿ ಬಿಟ್ಟಿದ್ದಾರಾ? ಇದಕ್ಕೆ ಉಪನ್ಯಾಸ ಬೇಡ. ನಮೂನೆಯನ್ನು ಒಂದು ಸಲ ನಿಮ್ಮ ಕೈಯಾರೆ ತುಂಬಿ ನೋಡಿ.

ಚೆಕ್ ಬೌನ್ಸ್ ಮಾಡುವವರಿಗೂ ಒಂದು ವಿಷಯ. ಖಾಸಗಿ ದೂರಿನಲ್ಲಿ ಕಾಗ್ನಿಜೆನ್ಸ್ ತೆಗೆದುಕೊಳ್ಳುವ (ಕೋರ್ಟ್ ದೂರನ್ನು ವಿಚಾರಣೆಗೆ ಎತ್ತಿಕೊಳ್ಳುವ) ಮೊದಲು ಆರೋಪಿಯ ಮಾತು ಕೇಳಬೇಕು ಅಂತ ಸುರಕ್ಷಾ ಸಂಹಿತೆಯ 223ನೇ ಕಲಂ ಹೇಳಿದ್ದರಿಂದ 138ರ, ಅಂದರೆ ಚೆಕ್ ಬೌನ್ಸ್ ಕೇಸುಗಳಲ್ಲಿ ಒಂದಷ್ಟು ದಿನ ಗೊಂದಲ ಇತ್ತು. ಅವುಗಳಿಗೆ ಅದು ಬೇಕಿಲ್ಲ ಅಂತ ನಮ್ಮ ಹೈಕೋರ್ಟ್ ಹೇಳಿತು. 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಒಪ್ಪಿತು. ಇದು ಗೊತ್ತಿಲ್ಲದೆ ವಾಯಿದೆ ಮೇಲೆ ವಾಯಿದೆ ತೆಗೆದುಕೊಂಡು ಕೂತರೆ ನಷ್ಟ ಯಾರಿಗೆ?

ಪ್ರಶ್ನೆ: ಹರಿಹರದಲ್ಲಿ ಸೀನಿಯರ್ ಆಫೀಸಿನಲ್ಲಿದ್ದೇನೆ, ಸನ್ನದು ಆಗಿ ಎರಡು ವರ್ಷ. ಜರ್ನಲ್ ತರಿಸುವಷ್ಟು ದುಡ್ಡಿಲ್ಲ. ಬೆಳಗ್ಗೆಯಿಂದ ವಾಯಿದೆ ಬರೆಯೋದೇ ಆಗುತ್ತೆ ಸರ್. ಕಲಿಯೋದು ಯಾವಾಗ?

ನೋಡಮ್ಮಾ, ದುಡ್ಡಿನ ತೊಂದರೆ ನಮ್ಮ ಕಾಲದಷ್ಟಿಲ್ಲ. ಸುಪ್ರೀಂ ಕೋರ್ಟ್ ವರದಿಗಳು ಇ-ಎಸ್‌ಸಿಆರ್‌ನಲ್ಲಿ 2023ರಿಂದ ಪುಕ್ಕಟೆ ಸಿಗುತ್ತಿವೆ, ಹೆಡ್‌ನೋಟ್ (ತೀರ್ಪಿನ ಮೇಲಿನ ಸಾರಾಂಶ) ಸಮೇತ. ಕೆಲವು ತೀರ್ಪುಗಳು ಕನ್ನಡದಲ್ಲೂ ಇವೆ. ಹೈಕೋರ್ಟ್ ತೀರ್ಪುಗಳಿಗೆ ಇ-ಕೋರ್ಟ್ಸ್‌ನ ತೀರ್ಪು ಹುಡುಕುವ ಪುಟ, ಕೇಂದ್ರದ ಕಾಯ್ದೆಗಳಿಗೆ ಇಂಡಿಯಾ ಕೋಡ್, ರಾಜ್ಯದವಕ್ಕೆ ಸಂಸದೀಯ ವ್ಯವಹಾರಗಳ ಇಲಾಖೆಯ ಪುಟ. ದುಡ್ಡು ಕೊಡುವ ಜರ್ನಲ್ ಬೇಕೇ ಬೇಕಾದಾಗ ಸಂಘದ ಲೈಬ್ರರಿ ಇದೆ.

ಹೊತ್ತಿನ ವಿಷಯ ಕಷ್ಟವೇ. ನಾನು ಜೂನಿಯರ್‌ಗಳಿಗೆ ಹೇಳೋದು ಇಷ್ಟೇ: ಬೇರೆ ಓದಬೇಡಿ, ನಾಳೆಯ ಫೈಲ್ ಓದಿ. ನಾಳೆ ಬೋರ್ಡಿನಲ್ಲಿರುವ ಕೇಸುಗಳ ಪೈಕಿ ಒಂದನ್ನು ಆರಿಸಿಕೊಳ್ಳಿ. ಅದರಲ್ಲಿ ಹಾಕಿರುವ ಐಎ (ಮಧ್ಯಂತರ ಅರ್ಜಿ) ಯಾವ ಕಲಂ ಕೆಳಗೆ ಬಂದಿದೆ ನೋಡಿ. ಆ ಕಲಮನ್ನು ಪೂರ್ತಿ ಓದಿ, ಪ್ರಾವಿಸೊ ಸಮೇತ. ಅದರ ಮೇಲೆ ಒಂದೇ ಒಂದು ತೀರ್ಪು ಹುಡುಕಿ, ಹೆಡ್‌ನೋಟ್ ಅಲ್ಲ, ಒಳಗಿನದ್ದನ್ನು ಓದಿ. ಮರುದಿನ ಕೋರ್ಟಿನಲ್ಲಿ ಅದೇ ವಾದ ಕಿವಿಗೆ ಬೀಳುತ್ತಲ್ಲ, ಆಗ ತಲೆಯಲ್ಲಿ ಕೂರುತ್ತೆ. ವಾಯಿದೆ ಬರೆಯೋದನ್ನೂ ಹಗುರ ಮಾಡಬೇಡಿ. ಯಾವ ಹಂತದಲ್ಲಿ ಕೇಸು ಯಾಕೆ ನಿಂತಿದೆ ಅಂತ ಡೈರಿ ಬರೆಯುವವರಿಗೆ ಗೊತ್ತಾಗುವಷ್ಟು ಬೇರೆ ಯಾರಿಗೂ ಗೊತ್ತಾಗಲ್ಲ.

ಬಿಡುವಿದ್ದಾಗ ಹೈಕೋರ್ಟ್ ಕಲಾಪದ ನೇರ ಪ್ರಸಾರ ನೋಡಿ. ಹಂಚಿಕೊಂಡು ಓಡಾಡುವ ತುಣುಕುಗಳನ್ನಲ್ಲ, ಒಂದು ಮೇಲ್ಮನವಿಯ ಪೂರ್ತಿ ವಾದ. ನಿಮ್ಮೂರಿಂದ ಹೊಳೆ ದಾಟಿದರೆ ರಾಣೆಬೆನ್ನೂರು, ಅಲ್ಲಿನ ಮೇಲ್ಮನವಿ ಧಾರವಾಡ ಪೀಠಕ್ಕೆ, ನಿಮ್ಮದು ಬೆಂಗಳೂರಿಗೆ. ಎರಡೂ ಒಂದೇ ಹೈಕೋರ್ಟ್. ಹಾಗಾಗಿ ಧಾರವಾಡದ ತೀರ್ಪು ನಮಗೆ ಸಂಬಂಧ ಇಲ್ಲ ಅಂತ ಬಿಡಬೇಡಿ.

ಇನ್ನೊಂದು. ಸಿವಿಲ್ ಜಡ್ಜ್ ಪರೀಕ್ಷೆಯ ಆಸೆ ಇದ್ದರೆ, ಕನಿಷ್ಠ ಮೂರು ವರ್ಷ ಪ್ರಾಕ್ಟೀಸ್ ಬೇಕು ಅಂತ 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಹೇಳಿದೆ. ವಕಾಲತ್ತಿನಲ್ಲಿ ನಿಮ್ಮ ಹೆಸರೂ ಇರಲಿ ಅಂತ ಸೀನಿಯರನ್ನು ಕೇಳಿ. ಸಂಕೋಚ ಬೇಡ.

ಪ್ರಶ್ನೆ: ಚಿತ್ರದುರ್ಗ ಜಿಲ್ಲೆಯ ಒಂದು ವಕೀಲರ ಸಂಘದ ಪದಾಧಿಕಾರಿ ನಾನು. ಉಪನ್ಯಾಸ ಇಟ್ಟರೆ ಜನ ಬರಲ್ಲ. ಬಂದವರು ಊಟ ಆದ ಕೂಡಲೇ ಹೊರಡ್ತಾರೆ. ಏನು ಮಾಡೋದು?

ಊಟ ಮೊದಲು ತೆಗೆದುಹಾಕಿ. ಮಂಡಕ್ಕಿ, ಮೆಣಸಿನಕಾಯಿ ಸಾಕು.

ತಮಾಷೆ ಬಿಡಿ. ನಮ್ಮ ಕಾರ್ಯಕ್ರಮಗಳು ಹೇಗಿರುತ್ತವೆ ನೋಡಿ. ಡಿಸೆಂಬರ್ 3ರ ವಕೀಲರ ದಿನಾಚರಣೆ ಅಂತಿಟ್ಟುಕೊಳ್ಳಿ. ಪ್ರಾರ್ಥನೆ, ಸ್ವಾಗತ, ದೀಪ, ಶಾಲು, ಹಾರ, ಹಿರಿಯರಿಗೆ ಸನ್ಮಾನ. ಎಲ್ಲ ಆದ ಮೇಲೆ ವಿಷಯ ಮಾತಾಡಲು ಬಂದವರಿಗೆ ಹದಿನೈದು ನಿಮಿಷ, ಅದರಲ್ಲೂ ಚೀಟಿ ಕಳಿಸೋದು. ಸನ್ಮಾನ ಬೇಡ ಅಂತಿಲ್ಲ. ಅದನ್ನು ಕಲಿಕೆ ಅಂತ ಕರೆಯಬೇಡಿ ಅಷ್ಟೇ.

ಬೇರೆ ಥರ ಮಾಡಿ. ವೇದಿಕೆ ಬೇಡ, ಮೈಕ್ ಬೇಡ. ಸಂಘದ ಲೈಬ್ರರಿಯ ಮೇಜಿನ ಸುತ್ತ ಹತ್ತು ಹನ್ನೆರಡು ಜನ ಸಾಕು. ಮುಗಿದುಹೋದ ಒಂದು ಕೇಸಿನ ಫೈಲ್ ತನ್ನಿ. ಅದು ಸೋತ ಕೇಸಾದರೆ ಇನ್ನೂ ಒಳ್ಳೇದು. ಕಕ್ಷಿದಾರರ ಹೆಸರು, ಊರು ಮುಚ್ಚಿ. ವಕೀಲರ ಬಾಯಿಂದ ಕಕ್ಷಿದಾರರ ಗುಟ್ಟು ಹೊರಗೆ ಹೋಗಬಾರದು, ಕಲಿಯೋ ನೆಪದಲ್ಲೂ. ಆಮೇಲೆ ಪ್ಲೇಂಟಿನಿಂದ (ವಾದಿಯ ದಾವಾ ಪತ್ರದಿಂದ) ಶುರು ಮಾಡಿ. ಈ ಪ್ಯಾರಾ ಯಾಕೆ ಬೇಕಿತ್ತು? ಈ ದಾಖಲೆ ಎಕ್ಸಿಬಿಟ್ ಆಗುವಾಗ ತಕರಾರು ತೆಗೆಯಬೇಕಿತ್ತಾ? ಕ್ರಾಸ್‌ನಲ್ಲಿ ಒಂದು ಪ್ರಶ್ನೆ ಜಾಸ್ತಿ ಕೇಳಿ ಕೆಟ್ಟದ್ದು ಎಲ್ಲಿ? ಹಿರಿಯರಿಗೆ ಭಾಷಣ ಮಾಡಿ ಅಂದರೆ ಹಿಂಜರಿಯುತ್ತಾರೆ. ಫೈಲ್ ಮುಂದಿಟ್ಟರೆ ಗಂಟೆಗಟ್ಟಲೆ ಮಾತಾಡುತ್ತಾರೆ. ಕ್ರಾಸ್ ಮಾಡುವ ಕಲೆ ಯಾವ ಪುಸ್ತಕದಲ್ಲೂ ಹೀಗೆ ಸಿಗಲ್ಲ.

ಹೊರಗಿನವರನ್ನು ಕರೆಯುವುದಾದರೆ ದೊಡ್ಡ ಹೆಸರೇ ಬೇಕಂತಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಆನ್‌ಲೈನ್ ನೋಂದಣಿಯ ಕಾವೇರಿ 2 ನಡೆಸುವವರು, ಸೈಬರ್ ಠಾಣೆಯ ಅಧಿಕಾರಿ, ಇ-ಫೈಲಿಂಗ್ ಗೊತ್ತಿರುವ ಕೋರ್ಟ್ ಸಿಬ್ಬಂದಿ, ಭದ್ರಾ ಮೇಲ್ದಂಡೆಗೆ ಹೋದ ಜಮೀನಿನ ಪರಿಹಾರದ ಕೇಸು ನಡೆಸಿದ ವಕೀಲರು. ಇಂಥವರಿಂದ ಸಿಗೋದು ನಾಳೆಯೇ ಕೆಲಸಕ್ಕೆ ಬರುತ್ತೆ. ಚಿತ್ರದುರ್ಗದ ಸರಸ್ವತಿ ಕಾನೂನು ಕಾಲೇಜು, ದಾವಣಗೆರೆಯ ಆರ್.ಎಲ್. ಕಾನೂನು ಕಾಲೇಜುಗಳ ಮೇಷ್ಟ್ರುಗಳನ್ನೂ ಕೇಳಿ ನೋಡಿ. ನಾವು ಪ್ರಾಕ್ಟೀಸಿನವರು ಕಲಂ ಓದದೆ ಬಿಟ್ಟ ಕಡೆ ಅವರು ಹಿಡಿಯುತ್ತಾರೆ.

ಪ್ರಶ್ನೆ: ತೀರ್ಪು ಹುಡುಕಲು ಚಾಟ್‌ಜಿಪಿಟಿ ಬಳಸಬಹುದಾ? (ಚಳ್ಳಕೆರೆಯ ಯುವ ವಕೀಲ)

ವಿಷಯ ಅರ್ಥ ಮಾಡಿಕೊಳ್ಳಲು, ಇಂಗ್ಲಿಷ್ ಕರಡು ತಿದ್ದಲು ಬಳಸಿ. ಸೈಟೇಷನ್‌ಗೆ ಮಾತ್ರ ನಂಬಬೇಡಿ. ಇಲ್ಲದ ತೀರ್ಪನ್ನು ವರ್ಷ, ಪುಟ ಸಮೇತ ಹುಟ್ಟಿಸಿ ಕೊಡುತ್ತೆ. 2025ರಲ್ಲಿ ಬೆಂಗಳೂರಿನ ಸಿವಿಲ್ ನ್ಯಾಯಾಲಯದ ಆದೇಶವೊಂದರಲ್ಲೇ ಅಸ್ತಿತ್ವದಲ್ಲಿಲ್ಲದ ಸುಪ್ರೀಂ ಕೋರ್ಟ್ ತೀರ್ಪುಗಳು ಬಂದಿದ್ದನ್ನು ಹೈಕೋರ್ಟ್ ಗಂಭೀರವಾಗಿ ತೆಗೆದುಕೊಂಡಿತು. ಪೂರ್ತಿ ತೀರ್ಪು ಅಧಿಕೃತ ಪುಟದಿಂದ ಇಳಿಸಿ, ಓದಿ, ಪ್ರಿಂಟ್ ತೆಗೆದ ಮೇಲೆ ಮೆಮೊ ಜೊತೆ ಹಾಕಿ. ಕಕ್ಷಿದಾರರ ಹೆಸರು, ದಾಖಲೆಗಳನ್ನು ಅದಕ್ಕೆ ಉಣಿಸಬೇಡಿ.

ಪ್ರಶ್ನೆ: ನಾನು ಜಗಳೂರು ಕಡೆಯ ರೈತ. ನಮ್ಮ ವಕೀಲರಿಗೆ ಹೊಸ ಕಾನೂನು ಗೊತ್ತಿದೆಯೋ ಇಲ್ಲವೋ ತಿಳಿಯೋದು ಹೇಗೆ?

ಪರೀಕ್ಷೆ ಮಾಡಲು ಹೋಗಬೇಡಿ ಯಜಮಾನರೇ, ಸಂಬಂಧ ಕೆಡುತ್ತೆ. ಸಮಾಧಾನವಾಗಿ ಮೂರು ಮಾತು ಕೇಳಿ. ನನ್ನ ಕೇಸು ಹಳೆ ಕಾನೂನಿನಲ್ಲೋ ಹೊಸದರಲ್ಲೋ, ಯಾಕೆ? ಮುಂದಿನ ವಾಯಿದೆ ಯಾವುದಕ್ಕೆ? ನಮ್ಮ ಕಡೆಯಿಂದ ಇನ್ನೂ ಯಾವ ಕಾಗದ ಬೇಕು? ಓದಿಕೊಂಡ ವಕೀಲರು ಇದಕ್ಕೆ ಎರಡು ನಿಮಿಷದಲ್ಲಿ ನಿಮಗೆ ಅರ್ಥ ಆಗೋ ಹಾಗೆ ಹೇಳುತ್ತಾರೆ. ನೋಡಿ ಹೇಳ್ತೀನಿ ಅಂದರೂ ತಪ್ಪಿಲ್ಲ, ನೋಡಿ ಹೇಳಿದರೆ ಆಯ್ತು. ನಾನು ನೋಡ್ಕೋತೀನಿ ಬಿಡಿ ಅನ್ನೋದೇ ಪ್ರತಿ ಸಲದ ಉತ್ತರ ಆದರೆ ಯೋಚಿಸಿ. ನಿಮ್ಮ ಕೇಸಿನ ಹದಿನಾರು ಅಕ್ಷರ-ಅಂಕಿಯ ಸಿಎನ್‌ಆರ್ ನಂಬರ್ ಬರೆಸಿಕೊಳ್ಳಿ. ಮಕ್ಕಳ ಮೊಬೈಲ್‌ನ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿದರೆ ಇಲ್ಲಿಯವರೆಗಿನ ವಾಯಿದೆಗಳ ವಿವರ, ಮುಂದಿನ ತಾರೀಕು ಕಾಣುತ್ತೆ. ವಕೀಲರನ್ನು ಬದಲಿಸಲೇಬೇಕು ಅನ್ನಿಸಿದರೆ ಬಾಕಿ ಫೀಸಿನ ಲೆಕ್ಕ ಮುಗಿಸಿ, ಎನ್‌ಒಸಿ (ಬೇರೆ ವಕೀಲರನ್ನಿಡಲು ಆಕ್ಷೇಪ ಇಲ್ಲ ಅನ್ನುವ ಪತ್ರ) ಕೇಳಿ ತಗೊಳ್ಳಿ. ಫೈಲನ್ನೂ ವಾಪಸ್ ಪಡೆದು, ಆಮೇಲೆ ಇನ್ನೊಬ್ಬರ ಹತ್ತಿರ ಹೋಗಿ.