ರಿಸಲ್ಟಿನ ಪಟ್ಟಿ ನಾವು ಯಾಕೆ ಹಾಕುವುದಿಲ್ಲ

ಓದುಗರ ಪತ್ರ: ಸಂಪಾದಕರೇ, ನಾನು ನಮ್ಮೂರಿನ ದೊಡ್ಡ ಸರ್ಕಾರಿ ಹೈಸ್ಕೂಲಿನಲ್ಲಿ ಓದಿ 1986ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವನು. ಈಗ ಆ ಶಾಲೆಯ ರಿಸಲ್ಟು ನೋಡಿದರೆ ಸಂಕಟ ಆಗುತ್ತದೆ. ಹತ್ತಿರದ ಖಾಸಗಿ ಶಾಲೆಯವರು ನೂರಕ್ಕೆ ನೂರು ಅಂತ ಬ್ಯಾನರ್ ಕಟ್ಟಿದ್ದಾರೆ. ನಮ್ಮ ಶಾಲೆಗೆ ಈಗ ಬರುವ ಮಕ್ಕಳೇ ಬೇರೆ, ಮೇಷ್ಟ್ರುಗಳೂ ಮೊದಲಿನಂತೆ ಪಾಠ ಮಾಡಲ್ಲ. ದಾವಣಗೆರೆಯ ಎಲ್ಲ ಹೈಸ್ಕೂಲುಗಳ ರಿಸಲ್ಟನ್ನು ಮೇಲಿಂದ ಕೆಳಕ್ಕೆ ಜೋಡಿಸಿ ಪತ್ರಿಕೆಯಲ್ಲಿ ಹಾಕಿ. ತಮ್ಮನ ಮಗಳನ್ನು ಎಂಟನೇ ಕ್ಲಾಸಿಗೆ ಎಲ್ಲಿ ಸೇರಿಸಬೇಕು ಅಂತ ನಮಗೂ ಗೊತ್ತಾಗುತ್ತದೆ.
ಓದುಗರೊಬ್ಬರು, ವಿನೋಬನಗರ, ದಾವಣಗೆರೆ

ಸಂಪಾದಕರ ಉತ್ತರ:

ನಮಸ್ಕಾರ ಸರ್. ನಿಮ್ಮ ಪತ್ರವನ್ನು ಎರಡು ಮೂರು ಸಲ ಓದಿದೆ. ಓದಿದ ಶಾಲೆಯ ಹೆಸರು ಕೆಟ್ಟರೆ ಕರುಳು ಚುರುಕ್ ಅನ್ನುತ್ತದೆ, ನಿಜ. ಆದರೂ ನೀವು ಕೇಳಿದ ಪಟ್ಟಿಯನ್ನು ನಾವು ಹಾಕುವುದಿಲ್ಲ. ಯಾಕೆ ಅಂತ ಹೇಳಬೇಕಾದದ್ದು ನನ್ನ ಕೆಲಸ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಚಿತ್ರದುರ್ಗದ ಸಂಗತಿ. 1997ರವರೆಗೆ ನಾವೂ ಅವರೂ ಒಂದೇ ಜಿಲ್ಲೆಯವರು ತಾನೆ. 2023ರ ಎಸ್ಸೆಸ್ಸೆಲ್ಸಿಯಲ್ಲಿ ಚಿತ್ರದುರ್ಗ ಇಡೀ ರಾಜ್ಯಕ್ಕೆ ಮೊದಲು ಬಂತು, ಶೇ. 96.80. ಮಾರನೇ ವರ್ಷ ಪರೀಕ್ಷೆಯ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು, ಅಂದರೆ ಕ್ಯಾಮೆರಾ ಇಟ್ಟು ನೇರ ಕಣ್ಗಾವಲು. ಆಗ ಮೊದಲ ಹತ್ತು ಜಿಲ್ಲೆಗಳಲ್ಲಿ ಚಿತ್ರದುರ್ಗದ ಹೆಸರೇ ಇರಲಿಲ್ಲ. ಅದೊಂದೇ ಜಿಲ್ಲೆ ಅಲ್ಲ, ರಾಜ್ಯದ ರಿಸಲ್ಟೇ 83.89ರಿಂದ 73.40ಕ್ಕೆ ಇಳಿಯಿತು. ಅದೂ ಗ್ರೇಸ್ ಮಾರ್ಕ್ಸನ್ನು ಶೇ. 10ರಿಂದ 20ಕ್ಕೆ ಏರಿಸಿದ ಮೇಲೆ. 2025ರ ಮೊದಲ ಪರೀಕ್ಷೆಯಲ್ಲಿ ಇನ್ನೂ ಇಳಿದು 62.34. ಎರಡೇ ವರ್ಷದಲ್ಲಿ ಮಕ್ಕಳ ಬುದ್ಧಿ ಇಷ್ಟು ಕಮ್ಮಿ ಆಗಲು ಸಾಧ್ಯವಾ? ಮೇಷ್ಟ್ರುಗಳೆಲ್ಲ ಒಟ್ಟಿಗೆ ಪಾಠ ಮರೆತರಾ? ಬದಲಾದದ್ದು ಅಳೆಯುವ ಕೋಲು. 2023ರ ಅಂಕಿ ನಂಬಿಕೊಂಡು ನಾವು ಶಾಲೆಗಳನ್ನು ಸಾಲಾಗಿ ನಿಲ್ಲಿಸಿದ್ದರೆ, ಮರುವರ್ಷ ಯಾರ ಮುಖ ನೋಡಬೇಕಿತ್ತು?

ಇನ್ನೊಂದು ಅಂಕಿ ನೋಡಿ. 2025ರ ಅದೇ ಪರೀಕ್ಷೆಯಲ್ಲಿ, ಶಾಲೆಯಿಂದ ನೇರವಾಗಿ ಬರೆದವರಲ್ಲಿ, ಹುಡುಗಿಯರು ಶೇ. 74 ಪಾಸಾಗಿದ್ದಾರೆ, ಹುಡುಗರು ಶೇ. 58.07. ಹತ್ತಿರ ಹತ್ತಿರ 16ರ ವ್ಯತ್ಯಾಸ. ನಮ್ಮ ಹೆಚ್ಚಿನ ಶಾಲೆಗಳಲ್ಲಿ ಇಬ್ಬರೂ ಒಂದೇ ಕ್ಲಾಸಿನಲ್ಲಿ ಕೂರುತ್ತಾರೆ. ಅದೇ ಮೇಷ್ಟ್ರು, ಅದೇ ಪುಸ್ತಕ, ಅದೇ ಬೋರ್ಡು. ಹಾಗಾದರೆ ಈ 16 ಎಲ್ಲಿಂದ ಬಂತು? ಪಾಠ ಒಂದರಿಂದಲೇ ಬಂದಿರಲಾರದು. ಬಹುಪಾಲು ಶಾಲೆಯ ಗೇಟಿನ ಹೊರಗಿಂದ ಬಂದಿದೆ.

ಆ ಹೊರಗನ್ನು ನಾನು ನಿಮ್ಮ ಶಾಲೆಯಲ್ಲೇ ಕಂಡೆ. ನಿಮ್ಮ ಪತ್ರ ಬರುವ ಮೊದಲೇ, ಚಳಿಗಾಲದಲ್ಲಿ ಒಂದು ದಿನ ಪೂರ್ತಿ ಅಲ್ಲಿ ಕೂತಿದ್ದೆ. ಒಂಬತ್ತನೇ ಕ್ಲಾಸಿನ ಕೊನೇ ಬೆಂಚಿನ ಹುಡುಗನೊಬ್ಬ ಎರಡನೇ ಪೀರಿಯಡ್ಡಿಗೇ ತೂಕಡಿಸುತ್ತಿದ್ದ. ಶರ್ಟಿನ ತೋಳಿಗೆ ಬೂದಿ ಮೆತ್ತಿತ್ತು. ಅವರ ಮನೆಯವರು ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾರೆ. ಬೆಳಗಿನ ನಾಲ್ಕಕ್ಕೆ ಅವನೂ ಎದ್ದು, ಹುರಿದು ಬಂದ ಮಂಡಕ್ಕಿಯನ್ನು ಚೀಲಕ್ಕೆ ತುಂಬಿ, ಆಮೇಲೆ ಶಾಲೆಗೆ ಬರುತ್ತಾನೆ. ಮೇಡಂ ಅವನನ್ನು ಎಬ್ಬಿಸಲಿಲ್ಲ. ಆಮೇಲೆ ನನಗೆ ಹೇಳಿದರು, "ಊಟದ ಬೆಲ್ ಆದ ಮೇಲೆ ಚೆನ್ನಾಗಿ ಕೇಳ್ತಾನೆ ಸರ್, ಗಣಿತ ಆವಾಗ ಹೇಳಿಕೊಡ್ತೀನಿ." ಬಿಸಿಯೂಟದ ಅನ್ನ ಸಾರು ಹೊಟ್ಟೆಗೆ ಬಿದ್ದ ಮೇಲೆ ಅವನ ದಿನ ಶುರು.

ಅದೇ ಮೇಡಂ ಹಾಜರಾತಿ ಪುಸ್ತಕ ತೋರಿಸಿದರು. ಕೆಲವು ಹೆಸರುಗಳ ಮುಂದೆ ವಾರಗಟ್ಟಲೆ ಗೈರು, ಒಂದೇ ಸಾಲಾಗಿ. ತಾಂಡಾಗಳಿಂದ ಬರುವ ಮಕ್ಕಳು. ಅಪ್ಪ ಅಮ್ಮ ಕಾಫಿ ಕೊಯ್ಲಿಗೆ, ಕಬ್ಬು ಕಡಿಯಲು ಗುಳೆ ಹೋದಾಗ ಮನೆಯಲ್ಲಿ ಬಿಟ್ಟು ಹೋಗಲು ಯಾರೂ ಇಲ್ಲ. ಹಾಸ್ಟೆಲ್ ಸಿಕ್ಕವರು ಉಳಿದಿದ್ದಾರೆ, ಸಿಗದವರು ಹೋಗಿದ್ದಾರೆ. ಅಷ್ಟು ದಿನದ ಪಾಠವನ್ನು ವಾಪಸ್ ಬಂದ ಮೇಲೆ ಎಲ್ಲಿಂದ ತರುವುದು?

ಇನ್ನೊಬ್ಬ ಹುಡುಗಿಯ ನೋಟ್ಸು ನೋಡಿ ನಾನು ಬೆರಗಾದೆ. ಮುತ್ತು ಪೋಣಿಸಿದಂಥ ಕನ್ನಡ ಅಕ್ಷರ. ಒಂದು ಸಾಲು ಓದಮ್ಮ ಅಂದೆ. ತಲೆ ತಗ್ಗಿಸಿದಳು. ಏಳನೇ ಕ್ಲಾಸಿನವರೆಗೆ ಉರ್ದು ಶಾಲೆಯಲ್ಲಿ ಓದಿ ಇಲ್ಲಿ ಕನ್ನಡ ಮೀಡಿಯಂಗೆ ಸೇರಿದವಳು. ಬೋರ್ಡಿನ ಮೇಲಿದ್ದದ್ದನ್ನು ಚಿತ್ರ ಬರೆದ ಹಾಗೆ ಬರೆದುಕೊಂಡಿದ್ದಾಳೆ. ವಿಜ್ಞಾನದಲ್ಲಿ ಅವಳು ಫೇಲಾದರೆ ಅದು ವಿಜ್ಞಾನ ಬಾರದ ಫೇಲಾ, ಭಾಷೆ ಬಾರದ ಫೇಲಾ? ಎಷ್ಟು ದಿನ ಕಳೆದರೂ ಆ ತಗ್ಗಿಸಿದ ತಲೆ ನನ್ನ ಕಣ್ಣ ಮುಂದಿನಿಂದ ಹೋಗಿಲ್ಲ.

"ಈಗ ಬರುವ ಮಕ್ಕಳೇ ಬೇರೆ" ಅಂತ ಬರೆದಿದ್ದೀರಿ. ಮಾತು ಸರಿ. ಆದರೆ ಯಾರು ಬಂದರು ಅನ್ನುವುದಕ್ಕಿಂತ ಯಾರು ಬಿಟ್ಟು ಹೋದರು ಅಂತ ಯೋಚಿಸಿ. ನಿಮ್ಮ ಕಾಲದಲ್ಲಿ ಅಂಗಡಿಯವರ ಮಗ, ಕಾಟನ್ ಮಿಲ್ಲಿನ ಕಾರ್ಮಿಕರ ಮಗ, ಗುಮಾಸ್ತರ ಮಗ ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು. ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ಕೈಯಲ್ಲಿ ನಾಲ್ಕು ಕಾಸು ಆಡಿದವರು ಮಕ್ಕಳನ್ನು ಇಂಗ್ಲಿಷ್ ಮೀಡಿಯಂಗೆ ಕರೆದುಕೊಂಡು ಹೋದರು. ಅವರ ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಮಕ್ಕಳ ಜೊತೆಗೆ ಅಪ್ಪಂದಿರೂ ಹೋದರು. ಗಣಿತದ ಮೇಷ್ಟ್ರು ಇಲ್ಲ ಅಂದರೆ ಬಿಇಒ (ತಾಲ್ಲೂಕಿನ ಶಿಕ್ಷಣಾಧಿಕಾರಿ) ಆಫೀಸಿಗೆ ಹೋಗಿ ಜೋರು ಮಾಡುವ ಅಪ್ಪಂದಿರು. ಭಟ್ಟಿಯ ಅಪ್ಪ ಒಂದು ದಿನದ ಕೂಲಿ ಬಿಟ್ಟು ಯಾವ ಆಫೀಸಿಗೆ ಹೋಗುತ್ತಾನೆ ಹೇಳಿ?

ಬ್ಯಾನರಿನ ವಿಷಯಕ್ಕೆ ಬರುತ್ತೇನೆ. ಲೆಕ್ಕಕ್ಕಾಗಿ ಎರಡು ಶಾಲೆ ಅಂದುಕೊಳ್ಳಿ, ಅಂಕಿ ನಾನು ಸುಮ್ನೆ ಹಾಕಿಕೊಂಡದ್ದು. ಮೊದಲನೆಯದು ಟೆಸ್ಟ್ ಮಾಡಿ, ಚೆನ್ನಾಗಿ ಓದು ಬರುವ 50 ಮಕ್ಕಳನ್ನು ಎಂಟನೇ ಕ್ಲಾಸಿಗೆ ಸೇರಿಸಿಕೊಂಡಿತು. ಒಂಬತ್ತರಲ್ಲಿ ಹಿಂದೆ ಬಿದ್ದ ಐವರಿಗೆ ಟಿಸಿ ಕೊಟ್ಟಿತು. ಉಳಿದ 45ರಲ್ಲಿ 45 ಪಾಸು, ನೂರಕ್ಕೆ ನೂರು. ಎರಡನೆಯದು ಬಾಗಿಲಿಗೆ ಬಂದ 200 ಮಕ್ಕಳನ್ನೂ ಸೇರಿಸಿಕೊಂಡಿತು. ಅವರಲ್ಲಿ 140 ಮಕ್ಕಳಿಗೆ ಒಂದು ಪ್ಯಾರಾ ಸರಾಗ ಓದಲು ಬರುತ್ತಿರಲಿಲ್ಲ. ಪರೀಕ್ಷೆಗೆ ಕೂತವರು 180, ಪಾಸಾದವರು 126. ಶೇ. 70. ಓದು ಬರುತ್ತಿದ್ದವರು 60 ಮಂದಿ ಮಾತ್ರ. ಅಂದರೆ ಕಮ್ಮಿ ಅಂದರೂ 66 ಮಕ್ಕಳನ್ನು ಆ ಶಾಲೆ ತಳದಿಂದ ಎತ್ತಿ ದಡ ಸೇರಿಸಿದೆ. ನಿಮ್ಮ ಪಟ್ಟಿಯಲ್ಲಿ ಇದು ಕೆಳಗೆ ಬರುತ್ತದೆ. ಆ ಟಿಸಿ ತಗೊಂಡ ಐವರು ಇಲ್ಲಿಗೇ ಬಂದು ಸೇರಿದ್ದರಂತೂ ಅವರ ಫೇಲೂ ಇದೇ ಶಾಲೆಯ ಲೆಕ್ಕಕ್ಕೆ.

ಹಾಗಂತ ಸರ್ಕಾರಿ ಶಾಲೆಯಲ್ಲಿ ಎಲ್ಲಾ ಸರಿ ಇದೆ ಅಂತ ನಾನು ಹೇಳಲು ಹೊರಟಿಲ್ಲ. ಪರೀಕ್ಷೆಗೆ ಕೂರದ ಆ 20 ಮಕ್ಕಳು ಎಲ್ಲಿ ಹೋದರು ಅಂತ ಕೇಳಲೇಬೇಕು. ಪಾಸಾಗುವಷ್ಟು ಅಂಕ ಬಂದರೆ ಸಾಕು ಅಂತ ಪಾಸಿಂಗ್ ಪ್ಯಾಕೇಜ್ ಒಂದನ್ನೇ, ಅಂದರೆ ಪಾಸಿಗೆ ಬೇಕಾದಷ್ಟೇ ಪ್ರಶ್ನೋತ್ತರವನ್ನು, ಉರು ಹೊಡೆಸುವುದು ಪಾಠ ಅಲ್ಲ. ನನಗೆ ಎಲ್ಲಕ್ಕಿಂತ ಜಾಸ್ತಿ ಸಿಟ್ಟು ಬರುವುದು ಸ್ಟಾಫ್ ರೂಮಿನ ಒಂದು ಮಾತಿಗೆ, "ಇವಕ್ಕೆ ತಲೆಗೆ ಹತ್ತಲ್ಲ ಬಿಡ್ರಿ." ಮನೆಯ ಕಷ್ಟ ಮಗುವಿನ ಪೆದ್ದತನ ಅಲ್ಲ. ಮಗು ಎಲ್ಲಿ ನಿಂತಿದೆ ಅಂತ ತಿಳಿದು ಅಲ್ಲಿಂದ ಕಲಿಸಲಿ ಅಂತಲೇ ಜೂನ್‌ನಲ್ಲಿ ಸೇತುಬಂಧ ಅನ್ನುವ, ಹಿಂದಿನ ಕ್ಲಾಸಿನ ಪಾಠ ಗಟ್ಟಿ ಮಾಡಿಸುವ ಕಾರ್ಯಕ್ರಮ ಇರುವುದು. ಎಷ್ಟೋ ಕಡೆ ಅದು ಕಾಗದದ ಮೇಲೆ ಮುಗಿದುಹೋಗುತ್ತದೆ. ಅಲ್ಲಿ ಮೇಷ್ಟ್ರನ್ನು ಕೇಳುವ ಹಕ್ಕು ನಿಮಗಿದೆ, ನನಗೂ ಇದೆ.

ನಿಮ್ಮ ತಮ್ಮನ ಮಗಳ ವಿಷಯ. ಎಲ್ಲಿಗೆ ಸೇರಿಸಿ ಅಂತ ಇಲ್ಲಿ ಕೂತು ನಾನು ಹೇಳಲಾರೆ. ಎರಡೂ ಶಾಲೆಗೆ ಹೋಗಿ. ಒಂದು ಸೆಕ್ಷನ್ನಿಗೆ ಎಷ್ಟು ಮಕ್ಕಳು, ಗಣಿತ, ವಿಜ್ಞಾನ, ಇಂಗ್ಲಿಷಿಗೆ ಕಾಯಂ ಶಿಕ್ಷಕರು ಇದ್ದಾರಾ, ಇಲ್ಲ ಅತಿಥಿ ಶಿಕ್ಷಕರು ಬರುವವರೆಗೆ ಪೀರಿಯಡ್ ಖಾಲಿಯಾ ಅಂತ ಕೇಳಿ. ಮೂರು ವರ್ಷದ ಹಿಂದೆ ಎಂಟಕ್ಕೆ ಸೇರಿದವರಲ್ಲಿ ಎಷ್ಟು ಜನ ಇದೇ ಶಾಲೆಯಿಂದ ಹತ್ತನೇ ಪರೀಕ್ಷೆ ಬರೆದರು ಅಂತ ತಪ್ಪದೆ ಕೇಳಿ. ಉತ್ತರ ಕೊಡಲು ಹಿಂದೆ ಮುಂದೆ ನೋಡಿದರೆ ಅದೂ ಒಂದು ಉತ್ತರವೇ.

ನಾವೂ ಈ ಲೆಕ್ಕವನ್ನೇ ಕೇಳುತ್ತೇವೆ, ಸರ್ಕಾರಿ, ಅನುದಾನಿತ, ಖಾಸಗಿ ಎಲ್ಲರ ಹತ್ತಿರ. ಪ್ರತಿ ಮಗುವಿಗೂ ಸ್ಯಾಟ್ಸ್ ನಂಬರ್ (ಇಲಾಖೆಯ ಕಂಪ್ಯೂಟರ್ ದಾಖಲೆಯ ನಂಬರ್) ಇರುವುದರಿಂದ ಲೆಕ್ಕ ಸಿಗುವುದೇನೂ ಕಷ್ಟ ಅಲ್ಲ. ಎಂಟಕ್ಕೆ ಸೇರಿದವರೆಷ್ಟು, ಹತ್ತು ಮುಟ್ಟಿದವರೆಷ್ಟು, ಪಾಸಾದವರೆಷ್ಟು. ಕೊಟ್ಟವರದ್ದನ್ನು ಹಾಗೇ ಅಚ್ಚು ಹಾಕುತ್ತೇವೆ, ನಂಬರ್ ಒನ್, ನಂಬರ್ ಟೂ ಅಂತ ಜೋಡಿಸುವುದಿಲ್ಲ.

ಶಾಲೆ ಶುರುವಾದ ಮೊದಲ ವಾರ ನಿಮ್ಮ ಶಾಲೆಗೇ ಮೊದಲು ಹೋಗುತ್ತೇನೆ. ಶಾಲೆಯ ಮೇಲುಸ್ತುವಾರಿ ಸಮಿತಿ ಎಸ್‌ಡಿಎಂಸಿಯವರಿಗೂ ಹೇಳಿಟ್ಟಿದ್ದೇನೆ. ಹಳೇ ವಿದ್ಯಾರ್ಥಿಗಳು ಯಾರೂ ಈ ಕಡೆ ತಲೆ ಹಾಕಲ್ಲ ಅಂತ ಅವರಿಗೂ ಬೇಸರ ಇದೆ. ನೀವೂ ಬನ್ನಿ ಸರ್. ಪ್ರಾರ್ಥನೆಗೆ ಮುಂಚೆ ಗೇಟಿನ ಹತ್ತಿರ ಸಿಗುತ್ತೇನೆ.