ಐದನೇ ದಿನ ಕೊಟ್ಟ ಮೊಬೈಲ್

ಪತ್ರದ ಸಾರ: ‘ಮಗು ಹಟ ಮಾಡಿದಾಗ ಕೇಳಿದ್ದನ್ನು ಕೊಡಬೇಡಿ, ಹಟ ತಾನಾಗಿ ನಿಲ್ಲುತ್ತದೆ ಎಂದು ವರ್ತನಾವಾದದ (ನಡೆಯನ್ನು ಅದಕ್ಕೆ ಸಿಗುವ ಫಲವೇ ರೂಪಿಸುತ್ತದೆ ಎನ್ನುವ ವಾದ) ಲೇಖನದಲ್ಲಿ ಬರೆದಿದ್ದಿರಿ. ನಾಲ್ಕು ದಿನ ಮೊಬೈಲ್ ಕೊಡಲಿಲ್ಲ. ಆರು ವರ್ಷದ ಮಗನ ಕಿರುಚಾಟ ಇನ್ನೂ ಜಾಸ್ತಿಯಾಯಿತು. ಐದನೇ ದಿನ ಸೋತು ಕೊಟ್ಟೆ. ನಿಮ್ಮ ಸಿದ್ಧಾಂತ ಸುಳ್ಳಲ್ವಾ? ಅಷ್ಟಕ್ಕೂ ನನ್ನ ಮಗ ಏನು ಇಲಿಯಾ?’ – ಒಬ್ಬ ತಾಯಿ

ಸಂಪಾದಕರ ಉತ್ತರ: ನಮಸ್ಕಾರ. ತಪ್ಪು ನಮ್ಮದು. ಹಟ ನಿಲ್ಲುತ್ತದೆ ಎಂದು ಬರೆದೆವು. ನಿಲ್ಲುವ ಮೊದಲು ಅದು ಏರಬಹುದು ಎಂದು ಬರೆಯಲಿಲ್ಲ. ಆ ಒಂದು ಮಾತು ಮೊದಲೇ ಗೊತ್ತಿದ್ದರೆ ನಿಮಗೆ ಐದನೇ ದಿನ ಇಷ್ಟು ಕಷ್ಟ ಆಗುತ್ತಿರಲಿಲ್ಲ.

ಇಲಿಯ ಮಾತು ನೀವೇ ತೆಗೆದಿದ್ದೀರಿ, ಅಲ್ಲಿಂದಲೇ ಶುರು ಮಾಡುತ್ತೇನೆ. ಅಮೆರಿಕದ ಮನಶ್ಶಾಸ್ತ್ರಜ್ಞ, ವರ್ತನಾವಾದಿ ಬಿ.ಎಫ್. ಸ್ಕಿನ್ನರ್ ಅವರ ಪ್ರಯೋಗದ ಪೆಟ್ಟಿಗೆಯಲ್ಲಿ ಒಂದು ಇಲಿ, ಒತ್ತಲು ಸಣ್ಣದೊಂದು ಹಿಡಿಕೆ. ಒತ್ತಿದರೆ ತಿನಿಸಿನ ಗುಳಿಗೆ ಬೀಳುತ್ತದೆ. ಒಂದು ದಿನ ಅವರು ಇಲ್ಲದಾಗ ಗುಳಿಗೆ ಬೀಳಿಸುವ ಯಂತ್ರ ಸಿಕ್ಕಿಹಾಕಿಕೊಂಡಿತು. ಇಲಿ ಒತ್ತಿತು, ಮತ್ತೆ ಮತ್ತೆ ಒತ್ತಿತು, ನಿಧಾನವಾಗಿ ಬಿಟ್ಟುಬಿಟ್ಟಿತು. ನಮ್ಮ ಲೇಖನ ಹೇಳಿದ್ದು ಇಷ್ಟನ್ನೇ.

ಇನ್ನೊಂದು ಕಥೆ ಇದೆ, ಒಂದು ಶನಿವಾರದ್ದು. ಆ ಗುಳಿಗೆಗಳನ್ನು ಸ್ಕಿನ್ನರ್ ಅವರೇ ಕೂತು ತಯಾರಿಸಬೇಕಿತ್ತು. ಅವತ್ತು ನೋಡಿದರೆ ಗುಳಿಗೆ ಸಾಲುವಂತಿರಲಿಲ್ಲ. ಪ್ರತಿ ಸಲವೂ ಯಾಕೆ ಕೊಡಬೇಕು ಅನ್ನಿಸಿ, ಎಷ್ಟೇ ಒತ್ತಿದರೂ ನಿಮಿಷಕ್ಕೆ ಒಂದೇ ಗುಳಿಗೆ ಎಂದು ಮಾಡಿದರು. ಇಲಿ ಬೇಸತ್ತು ಬಿಡಲಿಲ್ಲ, ಒತ್ತುತ್ತಲೇ ಹೋಯಿತು. ಹೀಗೆ ಆಗೊಮ್ಮೆ ಈಗೊಮ್ಮೆ ಪಡೆದು ಕಲಿತ ಪ್ರಾಣಿ, ಕೊಡುವುದನ್ನು ಪೂರ್ತಿ ನಿಲ್ಲಿಸಿದ ಮೇಲೂ ಬಹಳ ಹೊತ್ತು ಪಟ್ಟು ಹಿಡಿಯುತ್ತದೆ. 1957ರಲ್ಲಿ ಚಾರ್ಲ್ಸ್ ಫರ್ಸ್ಟರ್ ಜೊತೆ ಸೇರಿ ಅವರು ಇದರ ಮೇಲೆ ದಪ್ಪನೆಯ ಪುಸ್ತಕವನ್ನೇ ಬರೆದರು.

ಈಗ ನಿಮ್ಮ ಐದನೇ ದಿನ ನೋಡಿ. ಮಗ ಕಲಿತದ್ದು ‘ಅಮ್ಮ ಕೊಡಲ್ಲ’ ಎಂದಲ್ಲ. ‘ನಾಲ್ಕು ದಿನ ತಡೆದುಕೊಂಡು ಜೋರಾಗಿ ಕಿರುಚಿದರೆ ಕೊಡ್ತಾಳೆ’ ಎಂದು. ಕಿರುಚಾಟ ಏರಿದ್ದೂ ವಿಚಿತ್ರವಲ್ಲ. ಟಿವಿ ರಿಮೋಟ್ ಕೆಲಸ ಮಾಡದಿದ್ದರೆ ನಾವೂ ಅದೇ ಬಟನ್ನನ್ನು ಇನ್ನೂ ಗಟ್ಟಿಯಾಗಿ, ನಾಲ್ಕಾರು ಸಲ ಒತ್ತುತ್ತೇವೆ. ಆಮೇಲೆ ತಾನೇ ಕೆಳಗಿಡುವುದು?

ಇದರಲ್ಲಿ ನೀವೂ ಕಲಿಯುತ್ತಿದ್ದೀರಿ. ಮೊಬೈಲ್ ಕೊಟ್ಟ ಕ್ಷಣ ಮನೆ ತಣ್ಣಗಾಯಿತು. ಆ ನೆಮ್ಮದಿಯೇ ನಿಮಗೆ ಸಿಕ್ಕ ಗುಳಿಗೆ. ಕಿರಿಕಿರಿ ತಪ್ಪಿದ್ದರಿಂದ ಒಂದು ನಡೆ ಗಟ್ಟಿಯಾದರೆ ಅದಕ್ಕೆ ನಕಾರಾತ್ಮಕ ಪುನರ್ಬಲನ ಅನ್ನುತ್ತಾರೆ. ತುಂಬಾ ಜನ ಇದನ್ನು ಶಿಕ್ಷೆ ಎಂದುಕೊಂಡಿದ್ದಾರೆ. ಶಿಕ್ಷೆ ನಡೆಯನ್ನು ಕುಗ್ಗಿಸುತ್ತದೆ, ಇದು ಹೆಚ್ಚಿಸುತ್ತದೆ. ದಯವಿಟ್ಟು ನಿಮ್ಮನ್ನು ಬೈದುಕೊಳ್ಳಬೇಡಿ, ದಣಿದ ಯಾರಾದರೂ ಹಾಗೇ ಮಾಡುತ್ತಿದ್ದರು.

ನಿಮ್ಮ ಮಗ ಇಲಿಯಲ್ಲ. ನಿಜ ಹೇಳಬೇಕೆಂದರೆ ಇಲಿಯೂ ಬರೀ ಬಹುಮಾನಕ್ಕೆ ಕುಣಿಯುವ ಪ್ರಾಣಿಯಲ್ಲ. 1930ರಲ್ಲಿ ಟೋಲ್ಮನ್ ಮತ್ತು ಹಾಂಜಿಕ್ ಎಂಬ ಸಂಶೋಧಕರು ಕೆಲವು ಇಲಿಗಳನ್ನು ಹತ್ತು ದಿನ ಏನೂ ಕೊಡದೆ ಸುಮ್ನೆ ಜಟಿಲ ದಾರಿಗಳಲ್ಲಿ ಓಡಾಡಲು ಬಿಟ್ಟರು. ಹನ್ನೊಂದನೇ ದಿನ ತಿನಿಸು ಇಟ್ಟರು. ಮೊದಲಿಂದಲೂ ತಿನಿಸು ಪಡೆದಿದ್ದ ಇಲಿಗಳನ್ನು ಇವು ಬೇಗನೇ ಸರಿಗಟ್ಟಿದವು. ದಾರಿ ಆಗಲೇ ತಲೆಯಲ್ಲಿತ್ತು. ವರ್ತನಾವಾದ ಇಂಥಲ್ಲಿ ಎಡವುತ್ತದೆ. ಅದಕ್ಕೇ ಎಲ್ಲದಕ್ಕೂ ಬಹುಮಾನ ಹಚ್ಚಬೇಡಿ. ಚಿತ್ರ ಬಿಡಿಸುವುದನ್ನು ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಿಗೆ ‘ಬಿಡಿಸಿದರೆ ಪ್ರಶಸ್ತಿಪತ್ರ’ ಎಂದು ಮೊದಲೇ ಹೇಳಿ ಕೊಟ್ಟಾಗ, ಆಮೇಲೆ ಅವರಿಗೆ ಅದರ ಆಸೆಯೇ ಕಡಿಮೆಯಾಗಿದ್ದು 1973ರ ಒಂದು ಅಧ್ಯಯನದಲ್ಲಿ ಕಂಡಿತು.

ಆದರೆ ಹಟದ ವಿಷಯದಲ್ಲಿ ಸ್ಕಿನ್ನರ್ ಮಾತು ಕೇಳಿ. ಮೊಬೈಲ್ ಕೊಡುವುದೇ ಆದರೆ ಹೊತ್ತು ಗೊತ್ತುಮಾಡಿ, ಅವನು ಸಮಾಧಾನವಾಗಿ ಇರುವಾಗಲೇ ಕೊಡಿ. ಮೆತ್ತಗೆ ಕೇಳಿದರೆ ಆ ಕೂಡಲೇ ಮೆಚ್ಚಿ ಮಾತಾಡಿಸಿ. ಕಿರುಚಾಟಕ್ಕೆ ಮಾತ್ರ ಯಾವತ್ತೂ ಬೇಡ. ಮನೆಯಲ್ಲಿ ಇನ್ಯಾರೋ ಗುಟ್ಟಾಗಿ ಕೊಟ್ಟರೆ ಮತ್ತೆ ಶನಿವಾರದ ಇಲಿಯ ಕಥೆಯೇ, ಹಾಗಾಗಿ ಎಲ್ಲರೂ ಒಂದೇ ಮಾತಿಗೆ ಬಂದ ಮೇಲೆ ಶುರು ಮಾಡಿ. ಅವನು ತನ್ನನ್ನೇ ಹೊಡೆದುಕೊಳ್ಳುವಷ್ಟು ಹೋದರೆ ನೀವೊಬ್ಬರೇ ನಿಭಾಯಿಸಬೇಡಿ, ಮಕ್ಕಳ ಮನಶ್ಶಾಸ್ತ್ರಜ್ಞರನ್ನು ಕಾಣಿ. ಹೇಗಾಯಿತು ಎಂದು ಬರೆಯಿರಿ, ಕಾಯುತ್ತಿರುತ್ತೇನೆ.

– ಸಂಪಾದಕ